ಮಿತಿ ಮೀರಿದ ಸದ್ದು: ಬಳ್ಳಾರಿ ಬಯಲಿನಿಂದ ಗುಡ್ಡದ ಊರುಗಳಿಗೆ ಒಂದು ಪಾಠ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಪರಿಸರದ ಮಾತು ಬಂದಾಗಲೆಲ್ಲ ಕಾಡು, ನೀರು, ಮಣ್ಣುಗಳ ಚರ್ಚೆ ನಡೆಯುತ್ತದೆ. ಬಳ್ಳಾರಿಯ ಹೆಸರು ಇಂಥ ಸಭೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಗಣಿಯ ಕಾರಣಕ್ಕೆ. ಇಂದಿನ ವಿಷಯ ಗಣಿಯದಲ್ಲ, ಸದ್ದಿನದು. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ರಸ್ತೆಗಳಲ್ಲಿ ಕಾರು, ಟ್ರ್ಯಾಕ್ಟರುಗಳಿಗೆ ಕೂಡಿಸಿದ ಸ್ಪೀಕರುಗಳಿಗೆ, ಅವು ತಾಳಬಲ್ಲ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ಹರಿಸಿದಾಗ ಏನಾಗುತ್ತದೆ ಎಂಬುದು ಇಲ್ಲಿನ ವಿಚಾರ.

ಬಯಲುಸೀಮೆಯ ಈ ವಿಷಯ ಗುಡ್ಡದ ಊರುಗಳಿಗೆ ಏಕೆ ಎಂಬ ಪ್ರಶ್ನೆ ಸಹಜ. ಅದೇ ಬಗೆಯ ಪೆಟ್ಟಿಗೆಗಳು ಇಂದು ಪ್ರವಾಸಿಗರ ವಾಹನಗಳಲ್ಲಿ ಘಟ್ಟ ಹತ್ತುತ್ತಿವೆ, ಮದುವೆ ದಿಬ್ಬಣಗಳಲ್ಲಿ, ಗಣೇಶ ವಿಸರ್ಜನೆಯಲ್ಲಿ ಕಣಿವೆಗಳನ್ನು ನಡುಗಿಸುತ್ತಿವೆ. ಬಯಲಿನಲ್ಲಿ ಹರಡಿಹೋಗುವ ಸದ್ದು ಕಣಿವೆಯಲ್ಲಿ ನಿಂತುಬಿಡುತ್ತದೆ. ಆದಕಾರಣ ಬಯಲಿನ ಅನುಭವವನ್ನು ಗುಡ್ಡದವರು ಮೊದಲೇ ತಿಳಿದುಕೊಳ್ಳುವುದು ಒಳಿತು.

ದೀರ್ಘ ದಾರಿಯ ಸಂಗಾತಿ

ಸಿರುಗುಪ್ಪ ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸೀಮೆ. ಸುಗ್ಗಿ ಬಂತೆಂದರೆ ಭತ್ತದ ಚೀಲ ಹೊತ್ತ ಟ್ರ್ಯಾಕ್ಟರುಗಳು ಗಿರಣಿಗಳತ್ತ ಸಾಲುಗಟ್ಟುತ್ತವೆ. ಟ್ರ್ಯಾಕ್ಟರಿನ ವೇಗ ಕಡಿಮೆ, ದಾರಿ ಉದ್ದ, ಬಿಸಿಲು ಕಠಿಣ. ಇಂಜಿನ್ನಿನ ಗದ್ದಲ ಮೀರಿ ಹಾಡು ಕೇಳಬೇಕೆಂಬ ಆಸೆ ಚಾಲಕನಿಗಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆ ಹಾಡು ಅವನ ದುಡಿಮೆಯ ಸಂಗಾತಿ. ಕುರುಗೋಡಿನ ದೊಡ್ಡಬಸವೇಶ್ವರನ ರಥೋತ್ಸವದಂಥ ಜಾತ್ರೆಗಳಿಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲೂ ದಾರಿಯುದ್ದಕ್ಕೆ ಪದ ಹಾಡುವ ರೂಢಿ ಇದ್ದೇ ಇತ್ತು.

ತೊಡಕು ಹುಟ್ಟುವುದು ಹಾಡಿನಿಂದಲ್ಲ, ಹೋಲಿಕೆಯಿಂದ. ಒಬ್ಬನ ಟ್ರ್ಯಾಕ್ಟರಿನಲ್ಲಿ ಎರಡು ಸ್ಪೀಕರ್ ಇದ್ದರೆ ಇನ್ನೊಬ್ಬನಿಗೆ ನಾಲ್ಕು ಬೇಕು. ಒಬ್ಬನ ಕಾರಿನ ಬೇಸ್ ಗಾಜು ನಡುಗಿಸಿದರೆ ಇನ್ನೊಬ್ಬನದು ಗೋಡೆ ನಡುಗಿಸಬೇಕು. ಸ್ಪೀಕರ್ ಕೊಳ್ಳಲು ಹಣ ಸಾಲದಾದಾಗ ಇರುವ ಸ್ಪೀಕರಿಗೇ ದೊಡ್ಡ ಆಂಪ್ಲಿಫೈಯರ್ ಜೋಡಿಸಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು ಸುಲಭೋಪಾಯವಾಗಿ ಕಾಣುತ್ತದೆ. ಆ ಉಪಾಯ ಏಕೆ ಫಲಿಸದು ಎಂಬುದನ್ನು ಭೌತವಿಜ್ಞಾನವೇ ಹೇಳುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿ

ಮೊದಲು ಅಂಕಿಗಳ ಮರ್ಮವನ್ನು ತಿಳಿಯಬೇಕು. ಕಾರಿನ ಸ್ಟೀರಿಯೋ ಪೆಟ್ಟಿಗೆಯ ಮೇಲೆ ‘50 ವ್ಯಾಟ್ × 4’ ಎಂದು ಮುದ್ರಿಸಿರುವುದು ಸಾಮಾನ್ಯ. ಈ 50 ಎಲ್ಲಿಂದ ಬಂತು? ಇಂಜಿನ್ ಓಡುವಾಗ ವಾಹನದ ವಿದ್ಯುತ್ ಒತ್ತಡ ಸುಮಾರು 14.4 ವೋಲ್ಟ್. ಸ್ಪೀಕರಿನ ತಡೆ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 52 ವ್ಯಾಟ್ ಬರುತ್ತದೆ. ಧ್ವನಿಯ ಅಲೆ ಪೂರ್ತಿ ಕೆಟ್ಟು ಚೌಕಾಕಾರವಾದಾಗ ಮಾತ್ರ ದೊರೆಯುವ ಅಂಕಿ ಇದು. ಅಲೆ ಶುದ್ಧವಾಗಿರುವಾಗ ದೊರೆಯುವುದು ಇದರ ಅರ್ಧಕ್ಕಿಂತಲೂ ಕಡಿಮೆ, ಸುಮಾರು 20 ವ್ಯಾಟ್. ಅಂಗಡಿಗಳಲ್ಲಿ ಹಿಂದೆ ಹೆಸರುವಾಸಿಯಾಗಿದ್ದ ‘ಪಿಎಂಪಿಒ’ ಎಂಬ ಸಾವಿರಗಟ್ಟಲೆ ವ್ಯಾಟಿನ ಲೆಕ್ಕಕ್ಕಂತೂ ಒಪ್ಪಿತವಾದ ಯಾವ ಅಳತೆಯ ವಿಧಾನವೂ ಇರಲಿಲ್ಲ.

ಸ್ಪೀಕರಿನ ಮಟ್ಟಿಗೆ ನಂಬಬಹುದಾದದ್ದು ‘ಆರ್‌ಎಂಎಸ್’ ಅಥವಾ ನಿರಂತರ ಶಕ್ತಿ ಎಂದು ನಮೂದಿಸಿದ ಅಂಕಿ. ಎಇಎಸ್2-1984 ಎಂಬ ವಿಧಾನದಲ್ಲಿ ಸ್ಪೀಕರಿಗೆ ಒಂದು ಬಗೆಯ ಮೊರೆತವನ್ನು ಎಡೆಬಿಡದೆ 2 ತಾಸು ಹರಿಸುತ್ತಾರೆ. ಆನಂತರವೂ ಸ್ಪೀಕರಿನ ಗುಣ ಶಾಶ್ವತವಾಗಿ ಬದಲಾಗಿರಬಾರದು. ಅದು ತಾಳಿಕೊಂಡ ಶಕ್ತಿಯೇ ಅದರ ಮಿತಿ.

ಇಲ್ಲೊಂದು ಸೂಕ್ಷ್ಮವಿದೆ. ಈ ಮಿತಿಯನ್ನು ಒಂದು ಕ್ಷಣವೂ ದಾಟಬಾರದೆಂದು ಅರ್ಥವಲ್ಲ. ಡೊಳ್ಳಿನ ಒಂದು ಪೆಟ್ಟಿನಲ್ಲಿ ಶಕ್ತಿ ಮೇಲೇರಿ ಮರುಕ್ಷಣ ಇಳಿಯುತ್ತದೆ. ಸಹಜವಾದ ಸಂಗೀತದ ಸರಾಸರಿ ಶಕ್ತಿ ಅದರ ತುತ್ತತುದಿಯ ಶಕ್ತಿಯ ಹತ್ತನೆಯ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಆದ್ದರಿಂದ 100 ವ್ಯಾಟಿನ ಸ್ಪೀಕರಿಗೆ 200 ವ್ಯಾಟಿನ ಆಂಪ್ಲಿಫೈಯರ್ ಜೋಡಿಸಿ, ಅಲೆ ಕೆಡದಂತೆ ಹದವಾಗಿ ನುಡಿಸಿದರೆ ಅಪಾಯವಿಲ್ಲ. ಕೇಡು ಇರುವುದು ಸರಾಸರಿ ಏರಿದಾಗ. ಡಿಜೆ ಹಾಡುಗಳಲ್ಲಿ ಮೆಲ್ಲನೆಯ ಭಾಗವನ್ನೂ ಜೋರಿನ ಭಾಗದ ಮಟ್ಟಕ್ಕೆ ಎತ್ತಿರುತ್ತಾರೆ. ಸ್ಪೀಕರಿಗೆ ಬಿಡುವೆಂಬುದೇ ಸಿಗದು. ಇತ್ತ ಚಿಕ್ಕ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದರೆ ಅಲೆಯ ತಲೆ ಕತ್ತರಿಸಿ ಚೌಕವಾಗುತ್ತದೆ. ಅಷ್ಟೇ ಎತ್ತರದ ಶುದ್ಧ ಅಲೆಗಿಂತ ಚೌಕದ ಅಲೆಯಲ್ಲಿ ಎರಡು ಪಟ್ಟು ಶಕ್ತಿ ಇರುತ್ತದೆ. ಚಿಕ್ಕ ಆಂಪ್ಲಿಫೈಯರೂ ಸ್ಪೀಕರನ್ನು ಸುಡುವುದು ಹೀಗೆ.

ಕಾಯಿಲ್ ಸುಡುವ ಬಗೆ

ಇಂದು ಬಳಕೆಯಲ್ಲಿರುವ ಸ್ಪೀಕರಿನ ರಚನೆ 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ರೂಪಿಸಿದ ಮಾದರಿಯನ್ನೇ ಅನುಸರಿಸಿದೆ. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಾಮ್ರದ ಸಣ್ಣ ತಂತಿಯ ಸುರುಳಿ, ಅಂದರೆ ಕಾಯಿಲ್, ತೂಗುತ್ತಿರುತ್ತದೆ. ವಿದ್ಯುತ್ ಹರಿದಾಗ ಅದು ಹಿಂದೆ ಮುಂದೆ ಆಡಿ ಕೋನನ್ನು ನೂಕುತ್ತದೆ. ಕೋನ್ ಗಾಳಿಯನ್ನು ನೂಕುತ್ತದೆ. ಕಾರಿನ ಸಾಧಾರಣ ಸ್ಪೀಕರಿಗೆ ಹರಿಸಿದ 100 ವ್ಯಾಟಿನಲ್ಲಿ ಧ್ವನಿಯಾಗುವುದು ಸುಮಾರು 1 ವ್ಯಾಟ್ ಮಾತ್ರ. ಉಳಿದ 99 ವ್ಯಾಟ್ ಶಾಖವಾಗುತ್ತದೆ. ಆ ಶಾಖವೆಲ್ಲ ಹೊರಬರಬೇಕಾದದ್ದು ಕೂದಲೆಳೆಯಷ್ಟು ಅಂತರದಲ್ಲಿ ಬಂಧಿಯಾದ ಆ ಪುಟ್ಟ ಸುರುಳಿಯಿಂದಲೇ.

ತಾಮ್ರ ಬಿಸಿಯಾದಂತೆ ಅದರ ವಿದ್ಯುತ್ ತಡೆ ಡಿಗ್ರಿಗೆ ಶೇ. 0.39ರಂತೆ ಏರುತ್ತದೆ. 20 ಡಿಗ್ರಿಯಲ್ಲಿ 4 ಓಮ್ ಇದ್ದ ಕಾಯಿಲ್ 220 ಡಿಗ್ರಿ ತಲುಪಿದಾಗ ಸುಮಾರು 7 ಓಮ್ ಆಗುತ್ತದೆ. ಆಗ ಆಂಪ್ಲಿಫೈಯರಿನಿಂದ ಅದು ಎಳೆದುಕೊಳ್ಳುವ ಶಕ್ತಿ ಮೊದಲಿನ ಶೇ. 56ಕ್ಕೆ ಇಳಿಯುತ್ತದೆ. ಧ್ವನಿಯಲ್ಲಿ 2.5 ಡೆಸಿಬಲ್‌ನಷ್ಟು ನಷ್ಟ.

ಈ ನಷ್ಟವನ್ನು ಲಾಭದೊಡನೆ ಹೋಲಿಸಿ ನೋಡಬೇಕು. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಹೆಚ್ಚುವ ಧ್ವನಿ 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 100 ವ್ಯಾಟಿನ ಸ್ಪೀಕರಿಗೆ 200 ವ್ಯಾಟ್ ಹರಿಸಿದವನಿಗೆ ಸಿಗಬೇಕಾದ 3 ಡೆಸಿಬಲ್‌ನಲ್ಲಿ ಬಹುಪಾಲನ್ನು ಕಾಯಿಲಿನ ಬಿಸಿಯೇ ನುಂಗಿಹಾಕುತ್ತದೆ. ಕೊಟ್ಟದ್ದು ಎರಡು ಪಟ್ಟು. ಪಡೆದದ್ದು ಕಿವಿಗೆ ಗೊತ್ತೂ ಆಗದಷ್ಟು. ಧ್ವನಿ ಏರಲಿಲ್ಲವೆಂದು ಅವನು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಕಾಯಿಲ್ ಇನ್ನಷ್ಟು ಕಾಯುತ್ತದೆ. ಕೊನೆಗೆ ತಂತಿಯ ಮೇಲಣ ಲೇಪ ಸುಟ್ಟು, ಅಂಟು ಬಿಟ್ಟು, ಸುರುಳಿ ಸಂದಿಯಲ್ಲಿ ಉಜ್ಜತೊಡಗುತ್ತದೆ. ಆ ಕರಕಲು ವಾಸನೆ ಬಂದ ಮೇಲೆ ಉಳಿಯುವುದು ರಿಪೇರಿ ಅಂಗಡಿಯ ದಾರಿಯೊಂದೇ.

ಬಿಸಿಯ ಹೊರತಾಗಿ ಇನ್ನೊಂದು ಕೇಡಿದೆ. ಅಷ್ಟೇ ಜೋರಿನ ಧ್ವನಿಗೆ ಕಂಪನಸಂಖ್ಯೆ ಅರ್ಧಕ್ಕಿಳಿದರೆ ಕೋನ್ ನಾಲ್ಕು ಪಟ್ಟು ದೂರ ಆಡಬೇಕಾಗುತ್ತದೆ. 80 ಹರ್ಟ್ಜ್‌ನಲ್ಲಿ 1 ಮಿ.ಮೀ. ಆಡುವ ಕೋನ್ 40 ಹರ್ಟ್ಜ್‌ನಲ್ಲಿ 4 ಮಿ.ಮೀ. ಆಡಬೇಕು. ಬೇಸ್ ಗುಂಡಿಯನ್ನು ಕೊನೆಮುಟ್ಟಿಸಿದಾಗ ಕೋನ್ ತನ್ನ ಎಲ್ಲೆ ಮೀರಿ ಜಿಗಿದು ಹರಿಯುತ್ತದೆ, ಇಲ್ಲವೇ ಕಾಯಿಲ್ ಅಯಸ್ಕಾಂತದ ತಳಕ್ಕೆ ಬಡಿದು ಜಜ್ಜಿಹೋಗುತ್ತದೆ. ‘ಟಕ್ ಟಕ್’ ಎಂಬ ಸದ್ದು ಕೇಳಿದೊಡನೆ ಧ್ವನಿ ತಗ್ಗಿಸದಿದ್ದರೆ ಆ ಸ್ಪೀಕರ್ ಹೆಚ್ಚು ಕಾಲ ಬಾಳದು.

ಕ್ರಾಸ್‌ಓವರ್ ಎಂಬ ತೂಬು

ಕಾಲುವೆಯ ನೀರುಂಡವರಿಗೆ ತೂಬಿನ ಕೆಲಸ ತಿಳಿದಿರುತ್ತದೆ. ಯಾವ ಹೊಲಕ್ಕೆ ಎಷ್ಟು ನೀರು ಎಂಬುದನ್ನು ತೂಬು ನಿರ್ಧರಿಸುತ್ತದೆ. ಸ್ಪೀಕರುಗಳಲ್ಲಿ ಆ ಕೆಲಸ ಕ್ರಾಸ್‌ಓವರಿನದು. ಗಡಸು ಧ್ವನಿಯನ್ನು ದೊಡ್ಡ ವೂಫರಿಗೂ ಕೀಚು ಧ್ವನಿಯನ್ನು ಪುಟ್ಟ ಟ್ವೀಟರಿಗೂ ಅದು ಹಂಚುತ್ತದೆ. ಕೆಪಾಸಿಟರ್ ಕೆಳಗಿನ ಕಂಪನಗಳನ್ನು ತಡೆದು ಟ್ವೀಟರನ್ನು ಕಾಯುತ್ತದೆ. ತಂತಿಯ ಸುರುಳಿ ಮೇಲಿನ ಕಂಪನಗಳನ್ನು ತಡೆಯುತ್ತದೆ. 4 ಓಮಿನ ಟ್ವೀಟರಿಗೆ 4000 ಹರ್ಟ್ಜ್‌ನಿಂದ ಮೇಲಿನದನ್ನು ಮಾತ್ರ ಬಿಡಬೇಕಾದರೆ ಸುಮಾರು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಕು. ಕಾರಿನ ಅಗ್ಗದ ಟ್ವೀಟರುಗಳಲ್ಲಿ ಇರುವುದು ಅದೊಂದೇ ಕಾವಲು.

ಶಕ್ತಿ ಮಿತಿ ಮೀರಿದಾಗ ಈ ತೂಬೂ ಕೆಡುತ್ತದೆ. ಕಬ್ಬಿಣ ಅಥವಾ ಫೆರೈಟ್ ತಿರುಳಿನ ಸುರುಳಿಯಲ್ಲಿ ಅಳತೆ ಮೀರಿ ವಿದ್ಯುತ್ ಹರಿದರೆ ತಿರುಳಿನ ಅಯಸ್ಕಾಂತ ಗುಣ ತುಂಬಿಹೋಗಿ, ತಡೆಯುವ ಶಕ್ತಿ ಕುಸಿಯುತ್ತದೆ. ಆಗ ವೂಫರಿಗೆ ಸಲ್ಲದ ಕಂಪನಗಳೂ ನುಗ್ಗಿ ಧ್ವನಿ ಕರ್ಕಶವಾಗುತ್ತದೆ. ಕಡಿಮೆ ವೋಲ್ಟಿನ ಕೆಪಾಸಿಟರ್ ಕಾದು ಉಬ್ಬುತ್ತದೆ. ಬೆಸುಗೆಯ ಸೀಸ-ತವರ ಕರಗಲು 190 ಡಿಗ್ರಿಯಷ್ಟು ಬಿಸಿ ಸಾಕು. ಟ್ವೀಟರಿನ ಕಾಯಿಲ್ ಕಾದು ಅದರ ತಡೆ 4 ಓಮಿನಿಂದ 6 ಓಮಿಗೆ ಏರಿದರೆ, ಅದೇ ಕೆಪಾಸಿಟರ್ ಕಾಯುತ್ತಿದ್ದ 4000 ಹರ್ಟ್ಜ್ ಗಡಿ 2700ರ ಸುಮಾರಿಗೆ ಜಾರುತ್ತದೆ. ಟ್ವೀಟರ್ ದಣಿದ ಹೊತ್ತಿನಲ್ಲೇ ಅದಕ್ಕೆ ಸಲ್ಲದ ಭಾರ ಮೇಲೆ ಬೀಳುತ್ತದೆ. ಮೂರು ಸ್ಪೀಕರುಗಳಲ್ಲಿ ಟ್ವೀಟರೇ ಮೊದಲು ಸಾಯುವುದಕ್ಕೆ ಇದೂ ಒಂದು ಕಾರಣ. ಒಳ್ಳೆಯ ಕ್ರಾಸ್‌ಓವರುಗಳಲ್ಲಿ ಟ್ವೀಟರಿನ ದಾರಿಯಲ್ಲಿ ಒಂದು ಚಿಕ್ಕ ಬಲ್ಬನ್ನು ಕೂಡಿಸಿರುತ್ತಾರೆ. ಶಕ್ತಿ ಹೆಚ್ಚಿದಾಗ ಬಲ್ಬಿನ ತಂತಿ ಕೆಂಪಗೆ ಕಾದು ತಡೆ ಏರಿಸಿ ಟ್ವೀಟರನ್ನು ಉಳಿಸುತ್ತದೆ. ಆ ಬಲ್ಬ್ ‘ಧ್ವನಿ ಕುಡಿಯುತ್ತದೆ’ ಎಂದು ಕಿತ್ತುಹಾಕಿಸುವವರಿದ್ದಾರೆ. ಅದು ಕಾವಲುಗಾರನನ್ನು ಓಡಿಸಿದಂತೆ.

ಬಿಸಿಲು ಮತ್ತು ಬ್ಯಾಟರಿ

ಸ್ಪೀಕರಿನ ಮಿತಿಯನ್ನು ಅಳೆಯುವುದು ತಂಪಾದ ಪ್ರಯೋಗಶಾಲೆಯಲ್ಲಿ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿಯೂ ಆಗಬಹುದು. ಹಾಡು ಶುರುವಾಗುವ ಮೊದಲೇ ಕಾಯಿಲಿನ ತಾಳಿಕೆಯಲ್ಲಿ 40 ಡಿಗ್ರಿಯಷ್ಟು ಖರ್ಚಾಗಿರುತ್ತದೆ. ನಿಯೋಡಿಮಿಯಂ ಅಯಸ್ಕಾಂತಗಳಲ್ಲಿ ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿದರೆ ತಮ್ಮ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತವೆ.

ಬ್ಯಾಟರಿಯ ಲೆಕ್ಕವನ್ನೂ ನೋಡಬಹುದು. ನಿಜವಾಗಿ 1000 ವ್ಯಾಟ್ ಹೊರಡಿಸುವ, ಅರ್ಧದಷ್ಟು ಶಕ್ತಿಯನ್ನು ತಾನೇ ಬಿಸಿಯಾಗಿ ಕಳೆಯುವ ಆಂಪ್ಲಿಫೈಯರ್ 12 ವೋಲ್ಟಿನ ಬ್ಯಾಟರಿಯಿಂದ 160 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಟ್ರ್ಯಾಕ್ಟರಿನ ಡೈನಮೋ ಅಷ್ಟನ್ನು ಕೊಡಲಾರದು. ಬ್ಯಾಟರಿ ಬೇಗ ಸಾಯುತ್ತದೆ. ಸಣ್ಣ ತಂತಿ ಕಾಯುತ್ತದೆ. ಫ್ಯೂಸ್ ಹಾಕದಿದ್ದರೆ, ಅಥವಾ ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರೆ, ವಾಹನಕ್ಕೇ ಬೆಂಕಿ ತಗುಲಬಹುದು.

ಸುಟ್ಟ ಸ್ಪೀಕರ್ ಎಂದರೆ ಹಣದ ನಷ್ಟ ಮಾತ್ರವಲ್ಲ. ಅದರ ಫೆರೈಟ್ ಅಯಸ್ಕಾಂತದ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಬ್ಬಿಣದ ಆಕ್ಸೈಡ್. ಕಾಯಿಲಿನದು ತಾಮ್ರ, ಬ್ಯಾಟರಿಯದು ಸೀಸ. ಇವೆಲ್ಲ ಎಲ್ಲೋ ಒಂದು ಗುಡ್ಡವನ್ನು ಬಗೆದು ತಂದವು. ಸಂಡೂರಿನ ಬೆಟ್ಟಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ವರ್ಷ ಬಾಳಬಹುದಾದ ವಸ್ತುವನ್ನು ಒಂದೇ ಹಬ್ಬದಲ್ಲಿ ಸುಟ್ಟರೆ ಬೆಲೆ ತೆರುವುದು ಆ ಗುಡ್ಡವೂ ಹೌದು.

ಕಾಯಿಲಿಗೆ ರಿಪೇರಿ ಉಂಟು, ಕಿವಿಗಿಲ್ಲ

ಸುಟ್ಟ ಕಾಯಿಲನ್ನು ಬದಲಿಸಿ ಕೊಡುವ ಕುಶಲಿಗಳು ಪ್ರತಿ ಪಟ್ಟಣದಲ್ಲೂ ಸಿಗುತ್ತಾರೆ. ಮನುಷ್ಯನ ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ರೋಮಕೋಶಗಳು ಸುಮಾರು 15,000 ಮಾತ್ರ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಸದ್ದಿನ ಸಂತೆಯಿಂದ ಬಂದ ರಾತ್ರಿ ಕಿವಿಯಲ್ಲಿ ‘ಗುಂಯ್’ ಎನ್ನುವುದು ಅವುಗಳ ಮೊದಲ ದೂರು.

ಕಿವಿಗೂ ತಾಳಿಕೆಯ ಮಿತಿ ಇದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದೆಂಬುದು ಬಹುಮಟ್ಟಿಗೆ ಒಪ್ಪಿತವಾದ ಲೆಕ್ಕ. ಆ ಮೇಲೆ ಪ್ರತಿ 3 ಡೆಸಿಬಲ್‌ಗೆ ಕಾಲ ಅರ್ಧವಾಗುತ್ತದೆ: 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 97ಕ್ಕೆ 30 ನಿಮಿಷ, 100ಕ್ಕೆ ಕೇವಲ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತ ಸಭಾಂಗಣಗಳಿಗಾಗಿ ಹೊರಡಿಸಿದ ಮಾನದಂಡದಲ್ಲೂ 15 ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದೆಂದಿದೆ. ಬಳ್ಳಾರಿಯಿಂದ ಕುರುಗೋಡಿಗೆ ಅರ್ಧ ತಾಸಿಗೂ ಮಿಕ್ಕಿದ ದಾರಿ. ಸಿರುಗುಪ್ಪಕ್ಕೆ ಕಾರಿನಲ್ಲೇ ಒಂದು ತಾಸು. ಕಾರಿನೊಳಗೆ 100 ಡೆಸಿಬಲ್ ಇಟ್ಟು ಹೊರಟವನು ನಗರದ ಎಲ್ಲೆ ದಾಟುವ ಹೊತ್ತಿಗೆ ಅಂದಿನ ಕಿವಿಯ ಪಾಲನ್ನು ಮುಗಿಸಿರುತ್ತಾನೆ. ಉಳಿದ ದಾರಿಯೆಲ್ಲ ಸಾಲ. ಹಿಂದಿನ ಸೀಟಿನಲ್ಲಿ ಕುಳಿತ ಮಗುವಿನದೂ ಅದೇ ಲೆಕ್ಕ. ಹಿಂದಿನ ವಾಹನದ ಹಾರ್ನ್ ಕೇಳದೆ ಆಗುವ ಅಪಘಾತಗಳದು ಬೇರೆಯೇ ಭಯ.

ಕಣಿವೆಯಲ್ಲಿ ನಿಲ್ಲುವ ಸದ್ದು

ಸ್ಪೀಕರಿನಿಂದ ದೂರ ಎರಡು ಪಟ್ಟಾದಂತೆ ಬಯಲಿನಲ್ಲಿ ಸದ್ದು 6 ಡೆಸಿಬಲ್ ಇಳಿಯುತ್ತದೆ. 1 ವ್ಯಾಟಿಗೆ 90 ಡೆಸಿಬಲ್ ಕೊಡುವ ಸ್ಪೀಕರ್ 1000 ವ್ಯಾಟಿನಲ್ಲಿ 1 ಮೀಟರ್ ದೂರಕ್ಕೆ 120 ಡೆಸಿಬಲ್ ಕೊಡುತ್ತದೆಂದು ಇಟ್ಟುಕೊಳ್ಳೋಣ. ಅದು 256 ಮೀಟರಿನಲ್ಲಿ 72, ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇರುತ್ತದೆ. ವಸತಿ ಪ್ರದೇಶಕ್ಕೆ ನಿಗದಿಯಾದ ಮಟ್ಟ ಹಗಲು 55, ರಾತ್ರಿ 45. ಕೀಚು ಧ್ವನಿಯನ್ನು ಗಾಳಿ ಮತ್ತು ಮರಗಿಡಗಳು ಹೀರಿಕೊಳ್ಳುತ್ತವೆ. ಬೇಸಿನ ಗುಡುಗನ್ನು ಅವು ತಡೆಯಲಾರವು.

ಗುಡ್ಡದ ಊರುಗಳಲ್ಲಿ ಇನ್ನೂ ಒಂದು ಸಂಗತಿ ಸೇರುತ್ತದೆ. ಸಂಜೆಯ ಮೇಲೆ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂತು, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಮೇಲೇರಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಎರಡೂ ಮಗ್ಗುಲ ಗುಡ್ಡಗಳು ಅದನ್ನು ಮರುನುಡಿಯುತ್ತವೆ. ಬಯಲಿನಲ್ಲಿ ಒಂದು ಓಣಿಯ ಪೀಡೆಯಾಗಿದ್ದುದು ಇಲ್ಲಿ ಇಡೀ ಕಣಿವೆಯ ಪೀಡೆಯಾಗುತ್ತದೆ. ರಾತ್ರಿಯ ಕತ್ತಲಲ್ಲಿ ಕೂಗಿನಿಂದಲೇ ಜೊತೆಯನ್ನು ಹುಡುಕುವ ಕಪ್ಪೆಗೆ, ಕಿವಿಯಿಂದಲೇ ಬೇಟೆಯಾಡುವ ಗೂಬೆಗೆ ಆ ರಾತ್ರಿ ವ್ಯರ್ಥ.

ಕಾನೂನು ಹೇಳುವುದೇನು?

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು 2000ದ ಫೆಬ್ರವರಿ 14ರಂದು ಪ್ರಕಟವಾದವು. ಅವುಗಳ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸಲೇಬಾರದು. ಹಬ್ಬ-ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಲ್ಲದು. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಎಲ್ಲೆಯಲ್ಲಿ ಸದ್ದು ಆ ಪ್ರದೇಶದ ಮಟ್ಟಕ್ಕಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದು.

2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯ ಈ ನಿಯಮಗಳನ್ನು ಎತ್ತಿಹಿಡಿದು ವಿಸ್ತಾರವಾದ ತೀರ್ಪು ನೀಡಿತು. ಆ ಮೊಕದ್ದಮೆಯ ಹಿನ್ನೆಲೆಯಲ್ಲಿ ಮನ ಕಲಕುವ ಸಂಗತಿಯೊಂದಿತ್ತು. 13 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ, ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಅವಳ ಕೂಗು ಯಾರಿಗೂ ಕೇಳಿಸದೆ ಹೋಯಿತೆಂದು ಅರ್ಜಿಯಲ್ಲಿ ನಿವೇದಿಸಲಾಗಿತ್ತು. ಮಾತನಾಡುವ ಹಕ್ಕು ಎಲ್ಲರಿಗೂ ಇದೆ. ಕೇಳಲೊಲ್ಲದವರ ಕಿವಿಗೆ ಬಲವಂತವಾಗಿ ತುಂಬುವ ಹಕ್ಕು ಯಾರಿಗೂ ಇಲ್ಲ ಎಂಬುದು ತೀರ್ಪಿನ ಸಾರ. ಗಣೇಶೋತ್ಸವ ಬಂದಾಗ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಡಿಜೆ ನಿರ್ಬಂಧದ ಆದೇಶಗಳು ಹೊರಡುತ್ತವೆ. ಆದರೆ ಆದೇಶ ಬಾಳುವುದು ಊರಿನವರು ಒಪ್ಪಿದಾಗ ಮಾತ್ರ.

ಮಾಡಬಹುದಾದ ಕೆಲಸಗಳು

ಹಾಡು ಬೇಡವೆನ್ನುವುದು ಇಲ್ಲಿನ ಉದ್ದೇಶವಲ್ಲ. ವಾಹನದಲ್ಲಿ ಹಾಡು ಬೇಕೆನ್ನುವವರು ಈ ಕೆಲವನ್ನು ಪಾಲಿಸಿದರೆ ಸ್ಪೀಕರೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ:

1. ಕೊಳ್ಳುವಾಗ ‘ಆರ್‌ಎಂಎಸ್’ ಅಂಕಿಯನ್ನು ಮಾತ್ರ ನೋಡಬೇಕು. ದೊಡ್ಡಕ್ಷರದ ‘ಮ್ಯಾಕ್ಸ್’ ಅಂಕಿಯನ್ನು ಮರೆಯಬೇಕು.

2. ಹೆಚ್ಚು ಧ್ವನಿ ಬೇಕಾದರೆ ಹೆಚ್ಚು ವ್ಯಾಟಿಗಿಂತ ಹೆಚ್ಚು ಸಂವೇದಿಯಾದ ಸ್ಪೀಕರನ್ನು ಆರಿಸಬೇಕು. 1 ವ್ಯಾಟಿಗೆ 87ರ ಬದಲು 90 ಡೆಸಿಬಲ್ ಕೊಡುವ ಸ್ಪೀಕರ್ ಅರ್ಧ ಶಕ್ತಿಯಲ್ಲೇ ಅಷ್ಟೇ ಧ್ವನಿ ಕೊಡುತ್ತದೆ.

3. ಧ್ವನಿ ಒಡೆದು ಕರ್ಕಶವಾದೊಡನೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಬೇಸ್ ಮತ್ತು ಟ್ರೆಬಲ್ ಗುಂಡಿಗಳನ್ನು ತುದಿಗೆ ಒಯ್ಯಬಾರದು.

4. ಕ್ರಾಸ್‌ಓವರನ್ನು ಕಿತ್ತು ನೇರ ತಂತಿ ಜೋಡಿಸಬಾರದು. ಅದರ ಶಕ್ತಿಯ ಅಂಕಿಯೂ ಸ್ಪೀಕರಿಗೆ ಹೊಂದಬೇಕು.

5. ಬ್ಯಾಟರಿಯ ಹತ್ತಿರದಲ್ಲೇ ತಕ್ಕ ಫ್ಯೂಸ್, ತಕ್ಕ ದಪ್ಪದ ತಂತಿ ಇರಬೇಕು.

6. ಬಿಸಿಲಲ್ಲಿ ನಿಂತ ವಾಹನದ ಕಿಟಕಿಗಳನ್ನು ತೆರೆದು, ಒಳಗಿನ ಬಿಸಿ ಇಳಿದ ಮೇಲೆ ಧ್ವನಿ ಏರಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಮೊಬೈಲಿನಲ್ಲಿ ಸಿಗುವ ಧ್ವನಿಮಾಪಕ ಕಾನೂನಿನ ಸಾಕ್ಷಿಯಾಗುವಷ್ಟು ನಿಖರವಲ್ಲ, ಹೋಲಿಕೆಗೆ ಸಾಕು. ಮುಂದಿನ ಜಾತ್ರೆಯಲ್ಲಿ ಸ್ಪೀಕರಿನಿಂದ 10, 20, 40, 80 ಮೀಟರ್ ದೂರದಲ್ಲಿ ಅಳೆದು ಬರೆದಿಡಬಹುದು. ಊರಿನ ಶಾಲೆ, ಬಾಣಂತಿ ಇರುವ ಮನೆ, ವೃದ್ಧರ ಮನೆಗಳ ಬಳಿಯೂ ಅಳೆಯಬಹುದು. ಆ ಪಟ್ಟಿಯನ್ನು ಹಿಡಿದು ಉತ್ಸವ ಸಮಿತಿಯ ಹಿರಿಯರೊಡನೆ ಕೂತು ಮಾತನಾಡಿದರೆ, ದೂರು ಕೊಡುವುದಕ್ಕಿಂತ ಬೇಗ ಕೆಲಸವಾದೀತು.

ಪ್ರತಿ ವಸ್ತುವಿಗೂ ತಾಳಿಕೆಯ ಮಿತಿಯೊಂದಿದೆ. ಹೊಳೆಗಿದೆ, ಹೊಲಕ್ಕಿದೆ, ಕಾಡಿಗಿದೆ. ಹತ್ತು ಅಂಗುಲದ ಸ್ಪೀಕರಿಗೂ ಇದೆ. ಸ್ಪೀಕರ್ ತನ್ನ ಮಿತಿಯನ್ನು ಬೆನ್ನ ಮೇಲೆ ಬರೆದುಕೊಂಡು ಬರುತ್ತದೆ. ಓದಬೇಕಾದವರು ಓದಿದರೆ ಸಿರುಗುಪ್ಪದ ಸುಗ್ಗಿಯ ಹಾಡೂ ಇರುತ್ತದೆ, ಗುಡ್ಡದ ರಾತ್ರಿಯ ಮೌನವೂ ಇರುತ್ತದೆ.